ಅಮ್ಮನ ಹೆಸರಿನ ಕಾರು

ನಮ್ಮ ಕಾರಿನ ಬಂಪರಿಗೆ ಪೂರ್ತಿ ವಿಮೆ ಇತ್ತು. ನನ್ನ ತಮ್ಮನ ಕಾಲಿಗೆ ಇರಲಿಲ್ಲ. ಇಷ್ಟು ಬರೆಯಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು. ಬರೆಯಲು ಕೂತಾಗಲೆಲ್ಲ ಮೈ ಉರಿಯುತ್ತಿತ್ತು, ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಈಗಲೂ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ಕಾದರೆ ಇದನ್ನು ಬರೆಯುವುದೇ ಇಲ್ಲ ಎಂದು ಗೊತ್ತಾಗಿ ಈಗ ಕೂತಿದ್ದೇನೆ.

ನಾನು ಮೂಡುಬಿದಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಇಪ್ಪತ್ತು ವರ್ಷ ದಾಟಿತು, ಮಕ್ಕಳ ಪ್ರವೇಶದ ಅರ್ಜಿಗಳನ್ನು ತಪಾಸಣೆ ಮಾಡುವುದೇ ನನ್ನ ಕೆಲಸ. ಬೀದರಿನಿಂದಲೋ ಬಳ್ಳಾರಿಯಿಂದಲೋ ಬಸ್ಸಿನಲ್ಲಿ ಕೂತು ಬಂದ ತಂದೆಯೊಬ್ಬ ಕೌಂಟರಿನ ಆಚೆ ನಿಂತಿರುತ್ತಾನೆ. ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಇರುತ್ತದೆ. ನಾನು ಅದನ್ನು ಹಿಂದಕ್ಕೆ ತಳ್ಳಿ, ಓದಿ ತುಂಬಿಸಿ ಎನ್ನುತ್ತೇನೆ. ಆಫೀಸಿನಲ್ಲಿ ನನಗೆ ಹೆದರುವವರಿದ್ದಾರೆ. ಈಕೆಯ ಕಣ್ಣು ತಪ್ಪಿಸಿ ಒಂದು ಅರ್ಜಿಯೂ ದಾಟುವುದಿಲ್ಲ ಎಂದು ಪ್ರಾಂಶುಪಾಲರು ಒಮ್ಮೆ ಸಭೆಯಲ್ಲಿ ಹೇಳಿದ್ದರು. ಅದನ್ನು ಕೇಳಿ ನಾನು ಹಿಗ್ಗಿದ್ದೆ. ಆ ಹಿಗ್ಗಿನ ಮೇಲೂ ನನಗೆ ಈಗ ಸಿಟ್ಟಿದೆ.

ನನಗಿಂತ ಆರು ವರ್ಷ ಚಿಕ್ಕವನು ತಮ್ಮ. ವಾಮದಪದವಿನಲ್ಲಿ ಅಮ್ಮನ ಜೊತೆ ಇದ್ದಾನೆ. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆ ಎಂದು ಕೇಳಿದವರಿಗೆ ಪಂಪ್ ಕೆಟ್ಟವರು ಬಿಡಲಿಲ್ಲ ಎಂದು ನಗುತ್ತಾನೆ. ಅವನದ್ದು ನೀರಿನ ಪಂಪ್ ರಿಪೇರಿ. ಅಂಗಡಿ ಇದ್ದರೂ ಅಂಗಡಿಯಲ್ಲಿ ಕೂರುವ ಕೆಲಸವಲ್ಲ. ಯಾರದ್ದೋ ಬಾವಿಗೆ ಇಳಿಯಬೇಕು, ಕಲ್ಲಿನ ಮೆಟ್ಟಿಲು ಜಾರುತ್ತಿರುತ್ತದೆ, ಕೆಳಗೆ ಒಂದು ಕಾಲು ಕಟ್ಟೆಯ ಮೇಲೆ ಇನ್ನೊಂದು ಕಾಲು ನೀರಿನಲ್ಲಿ ಇಟ್ಟು ನಿಂತು ಮೋಟಾರಿಗೆ ಹಗ್ಗ ಕಟ್ಟಬೇಕು. ಸುತ್ತಲಿನ ಹತ್ತು ಗ್ರಾಮದಲ್ಲಿ ಅವನು ಇಳಿಯದ ಬಾವಿ ಇರಲಿಕ್ಕಿಲ್ಲ. ಹಾಗೆ ಇಳಿದು ಹತ್ತಿ ಸಂಪಾದಿಸಿದ ಹಣದಲ್ಲಿ ಅವನು ಕಾರು ತೆಗೆದುಕೊಂಡ. ಬಿಳಿ ಬಣ್ಣದ, ಸಣ್ಣ, ಹೊಸ ಕಾರು.

ಆ ಕಾರನ್ನು ಅವನು ಅಮ್ಮನ ಹೆಸರಿನಲ್ಲಿ ನೋಂದಣಿ ಮಾಡಿಸಿದ. ಇದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ನಮ್ಮದು ಜೈನರ ಮನೆ. ಹಿಂದೆ ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ನಮ್ಮಲ್ಲಿ ಮಾತ್ರವಲ್ಲ, ಈ ಕಡೆಯ ಹಲವು ಜಾತಿಗಳಲ್ಲಿ. ಕಾನೂನು ಬದಲಾಗಿ ಕಾಲವಾಯಿತು, ಅಭ್ಯಾಸ ಹೋಗಲಿಲ್ಲ. ಮನೆಗೆ ಏನಾದರೂ ದೊಡ್ಡದು ಬಂದರೆ ಅದು ಮನೆಯ ಹಿರಿ ಹೆಂಗಸಿನ ಹೆಸರಿಗೆ ಬರಬೇಕು, ಆಗಲೇ ಏಳಿಗೆ. ಚಕ್ರ ಇರುವ ವಸ್ತುವಾದರಂತೂ ಕೇಳುವುದೇ ಬೇಡ. ಅಮ್ಮನ ಹೆಸರಿನಲ್ಲಿದ್ದರೆ ಅಪಘಾತವಾಗುವುದಿಲ್ಲ ಎಂಬ ನಂಬಿಕೆಯೂ ಅದರೊಳಗೆ ಎಲ್ಲೋ ಇದೆ. ಶೋರೂಮಿನಲ್ಲಿ ಅಮ್ಮ ಕೀಲಿಕೈ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಸೈಕಲ್ ಕೂಡ ತುಳಿಯದ, ಎದುರಿನ ಸೀಟಿನಲ್ಲಿ ಕೂರಲು ಹೆದರಿ ಹಿಂದೆಯೇ ಕೂರುವ ನನ್ನ ಅಮ್ಮ ಆ ದಿನ ವಾಹನದ ಮಾಲಕಿಯಾದರು.

ವಿಮೆಯನ್ನು ಮೊದಲ ವರ್ಷ ಮಾಡಿಸಿಕೊಟ್ಟವರು ಬೆಳ್ತಂಗಡಿಯ ಒಬ್ಬ ಏಜೆಂಟರು. ದೂರದ ಸಂಬಂಧದಲ್ಲಿ ನಮಗೆ ಭಾವ ಆಗಬೇಕು. ಆಮೇಲಿನ ವರ್ಷಗಳಲ್ಲಿ ಮೊಬೈಲಿನಲ್ಲೇ ನವೀಕರಣ ಮಾಡಬಹುದು ಎಂದಾಯಿತು. ತಮ್ಮನಿಗೆ ಅದೆಲ್ಲ ತಲೆನೋವು. ಅಕ್ಕ, ನಿನಗೆ ಫಾರ್ಮು ತುಂಬಿಸಿ ಅಭ್ಯಾಸ ಉಂಟಲ್ಲ, ನೀನೇ ಮಾಡು ಎಂದ. ನಾನು ಸಂತೋಷದಿಂದ ಮಾಡಿದೆ. ಊಟದ ಬಿಡುವಿನಲ್ಲಿ, ಬುತ್ತಿ ತೆರೆದಿಟ್ಟುಕೊಂಡು, ಐದು ನಿಮಿಷದಲ್ಲಿ. ‘ಕಳೆದ ವರ್ಷದ ವಿವರಗಳೇ ಇರಲಿ’ ಎಂದು ಒತ್ತಿದರೆ ಎಲ್ಲ ತಾನಾಗಿಯೇ ತುಂಬಿಕೊಳ್ಳುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ತಲೆ ಓಡಿಸಿದೆ. ಸಾಮಾನ್ಯ ವಿಮೆಯಲ್ಲಿ ಕಾರಿನ ಪ್ಲಾಸ್ಟಿಕ್ ಭಾಗ ಒಡೆದರೆ ಕಂಪನಿ ಹಳತಾಯಿತು ಎಂದು ಅರ್ಧ ಬೆಲೆ ಕಳೆದು ಕೊಡುತ್ತದೆ. ಸ್ವಲ್ಪ ಹೆಚ್ಚು ಕಟ್ಟಿದರೆ ಏನೂ ಕಳೆಯದೆ ಪೂರ್ತಿ ಕೊಡುತ್ತದೆ, ಅದಕ್ಕೆ ಬಂಪರ್ ಟು ಬಂಪರ್ ಎನ್ನುತ್ತಾರೆ. ಆಫೀಸಿನಲ್ಲಿ ಕಾರಿದ್ದವರೆಲ್ಲ ಅದನ್ನೇ ಹೊಗಳುತ್ತಿದ್ದರು. ನಾನು ಅದನ್ನು ಸೇರಿಸಿದೆ. ಮನೆಗೆ ಹೋದಾಗ ತಮ್ಮನಿಗೆ ಹೇಳಿಯೂ ಹೇಳಿದೆ, ಇನ್ನು ನಿನ್ನ ಕಾರಿಗೆ ಒಂದು ಗೀರು ಬಿದ್ದರೂ ಚಿಂತೆಯಿಲ್ಲ ಎಂದು. ಅವನು, ನನ್ನದಲ್ಲ ಅಕ್ಕ, ಅಮ್ಮನದ್ದು ಎಂದು ತಿದ್ದಿದ.

ಅಪಘಾತವಾದದ್ದು ಒಂದು ಶನಿವಾರ ಮಧ್ಯಾಹ್ನದ ಮೇಲೆ. ತಮ್ಮ ಮೋಟಾರಿನ ತಂತಿ ತರಲು ಮೂಡುಬಿದಿರೆಗೆ ಬಂದಿದ್ದ. ನನ್ನ ಮನೆಗೆ ಬಂದು ಅಮ್ಮ ಕೊಟ್ಟ ಬಸಳೆಯ ಕಟ್ಟನ್ನು ಕೊಟ್ಟ, ಚಹಾ ಕುಡಿದ. ಇನ್ನೂ ಸ್ವಲ್ಪ ಕೂರು ಎಂದೆ. ಅಮ್ಮ ಹೊತ್ತು ಮುಳುಗುವ ಮೊದಲು ಊಟ ಮಾಡುವವರು, ನಾನು ಬರದೆ ಬಡಿಸಿಕೊಳ್ಳುವುದಿಲ್ಲ, ಹೋಗ್ತೇನೆ ಎಂದ. ಬಂಟ್ವಾಳದ ರಸ್ತೆಯ ಒಂದು ತಿರುವಿನಲ್ಲಿ ನಾಯಿ ಅಡ್ಡ ಬಂತು. ತಪ್ಪಿಸಲು ಹೋಗಿ ಮೋರಿಯ ಕಲ್ಲಿನ ಕಟ್ಟೆಗೆ ಗುದ್ದಿದ. ಬಲಬದಿಯ ಮುಂಭಾಗ ಒಳಗೆ ಬಂದು ಅವನ ಕಾಲನ್ನು ಹಿಡಿದುಕೊಂಡಿತು. ಹತ್ತಿರದ ತೋಟದಲ್ಲಿದ್ದವರು ಕಬ್ಬಿಣದ ಹಾರೆ ತಂದು ಬಾಗಿಲು ಬಿಡಿಸಿದರು. ಮಂಗಳೂರಿನ ಆಸ್ಪತ್ರೆಯಲ್ಲಿ ಮೂರನೆಯ ದಿನ, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯದೆ ಉಪಾಯವಿಲ್ಲ ಎಂದರು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವಳು ನಾನು.

ಅವನು ಆಸ್ಪತ್ರೆಯಲ್ಲಿದ್ದಾಗಲೇ ವಿಮಾ ಕಂಪನಿಯ ಸರ್ವೇಯರ್ ಗ್ಯಾರೇಜಿಗೆ ಹೋಗಿ ಕಾರಿನ ಫೋಟೋ ತೆಗೆದ. ಎಂಥ ಚುರುಕು. ಬಾನೆಟ್, ರೇಡಿಯೇಟರ್, ದೀಪ, ಬಾಗಿಲು, ಬಂಪರ್, ಎಲ್ಲದಕ್ಕೂ ಒಪ್ಪಿಗೆ ಬಂತು. ನಾನು ಆಸ್ಪತ್ರೆಯ ಮೆಟ್ಟಿಲಿನಲ್ಲಿ ಕೂತಿದ್ದಾಗ ಮೊಬೈಲಿಗೆ ಸಂದೇಶ ಬರುತ್ತಿತ್ತು: ನಿಮ್ಮ ಕ್ಲೇಮು ಮಂಜೂರಾಗಿದೆ, ನಿಮ್ಮ ವಾಹನದ ಕೆಲಸ ಆರಂಭವಾಗಿದೆ, ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ. ತಮ್ಮ ಊರುಗೋಲು ಹಿಡಿದು ಮನೆಗೆ ಬರುವ ಮೊದಲೇ ಕಾರು ಹೊಸದರಂತೆ ಹೊಳೆಯುತ್ತ ಬಂದು ಅಂಗಳದಲ್ಲಿ ನಿಂತಿತ್ತು. ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೂಡ ಗ್ಯಾರೇಜಿನವರು ತೆಗೆದಿರಲಿಲ್ಲ. ಅದನ್ನು ನೋಡಿ ನನಗೆ ಕಲ್ಲು ಎತ್ತಿ ಹಾಕಬೇಕೆನಿಸಿತು.

ಅಷ್ಟರವರೆಗೂ ನನಗೊಂದು ಧೈರ್ಯವಿತ್ತು. ಪಾಲಿಸಿಯ ಕಾಗದದಲ್ಲಿ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲಿತ್ತು, ಅದರ ಮುಂದೆ ಹದಿನೈದು ಲಕ್ಷ ಎಂದಿತ್ತು. ಪ್ರತಿ ವರ್ಷ ಅದಕ್ಕೆ ಪ್ರತ್ಯೇಕವಾಗಿ ಹಣ ಕಟ್ಟಿದ್ದೆವು. ಒಂದು ಕಾಲು ಹೋದರೆ ಅದರ ಅರ್ಧ ಸಿಗುತ್ತದೆ ಎಂದು ಓದಿದ್ದೆ. ಶಿಬಿರದಲ್ಲಿ ಉಚಿತವಾಗಿ ಸಿಗುವ ಕೃತಕ ಕಾಲು ಸಮತಟ್ಟಾದ ನೆಲಕ್ಕೆ ಸಾಕು, ಬಾವಿಯ ಮೆಟ್ಟಿಲಿಗೆ ಆಗುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ಪಾದ ಮಡಚುವ, ಜಾರುವಲ್ಲಿ ಹಿಡಿತ ಸಿಗುವ ಕಾಲು ಬೇರೆ ಉಂಟು, ಆದರೆ ಅದು ನಮ್ಮ ಕೈಗೆ ಸಿಗುವ ಬೆಲೆಯದ್ದಲ್ಲ. ವಿಮೆಯ ಹಣ ಬಂದರೆ ಅದೇ ಕಾಲು ತರುವ, ನೀನು ಮತ್ತೆ ಬಾವಿಗೆ ಇಳಿಯಬಹುದು ಎಂದು ನಾನು ತಮ್ಮನಿಗೆ ಮಾತು ಕೊಟ್ಟಿದ್ದೆ. ಅವನು ಆ ಮಾತನ್ನು ನಂಬಿ ದಿನಾ ಹಾಸಿಗೆಯ ಅಂಚಿಗೆ ಕೂತು ತೊಡೆಯ ವ್ಯಾಯಾಮ ಮಾಡುತ್ತಿದ್ದ.

ಕಾಗದಗಳ ಫೈಲು ಹಿಡಿದು ಬಿ.ಸಿ.ರೋಡ್ ಪೇಟೆಯಲ್ಲಿದ್ದ ಕಂಪನಿಯ ಆಫೀಸಿಗೆ ಹೋದೆ. ಅಲ್ಲಿದ್ದದ್ದು ಒಬ್ಬಳು ಸಣ್ಣ ಪ್ರಾಯದ ಹುಡುಗಿ, ನಮ್ಮ ಕಾಲೇಜಿನಲ್ಲೇ ಓದಿ ಹೋದವಳ ಹಾಗೆ ಕಾಣುತ್ತಿದ್ದಳು. ಕೂರಿಸಿದಳು, ನೀರು ಕೊಟ್ಟಳು. ಫೈಲು ತಿರುವಿ ಹಾಕಿದಳು.

“ಮೇಡಂ, ಇದು ಓನರ್ ಡ್ರೈವರಿಗೆ ಇರುವ ಕವರ್” ಎಂದಳು.

“ಓನರ್ ಉಂಟು, ಡ್ರೈವರ್ ಉಂಟು. ಮತ್ತೇನು ಬೇಕು?” ಎಂದೆ.

“ಇಬ್ಬರೂ ಒಬ್ಬರೇ ಆಗಿರ್ಬೇಕು ಮೇಡಂ. ಕಾರು ಯಾರ ಹೆಸರಲ್ಲಿ ಉಂಟೋ ಅವರಿಗೆ ಮಾತ್ರ. ಅವರಿಗೆ ಲೈಸನ್ಸ್ ಸಹ ಇರ್ಬೇಕು. ನಿಮ್ಮ ಅಮ್ಮನಿಗೆ ಲೈಸನ್ಸ್ ಉಂಟಾ?”

“ಅಮ್ಮನಿಗೆ ಎಪ್ಪತ್ತಾರು ವರ್ಷ. ಅವರು ಕಾರಿನ ಬಾಗಿಲು ಸಹ ಸರಿಯಾಗಿ ಹಾಕುವುದಿಲ್ಲ.”

“ಹಾಗಾದ್ರೆ ಈ ಕವರ್ ನಿಮಗೆ ಬೇಕಾಗಿಯೇ ಇರ್ಲಿಲ್ಲ” ಎಂದಳು. ಹೇಳಿದ ಮೇಲೆ ಅವಳಿಗೇ ಕಸಿವಿಸಿಯಾಯಿತು.

ನನ್ನ ಪಿತ್ತ ನೆತ್ತಿಗೇರಿತು. ಬೇಕಾಗಿರದಿದ್ದರೆ ಇಷ್ಟು ವರ್ಷ ಹಣ ತೆಗೆದುಕೊಂಡದ್ದು ಯಾಕೆ, ಕಟ್ಟುವಾಗ ಲೈಸನ್ಸ್ ಕೇಳದವರು ಕೊಡುವಾಗ ಯಾಕೆ ಕೇಳುತ್ತೀರಿ ಎಂದು ಜೋರು ಮಾಡಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಹುಡುಗಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ‘ವಾಹನದ ಮಾಲೀಕರು ಚಾಲ್ತಿಯಲ್ಲಿರುವ ಚಾಲನಾ ಪರವಾನಗಿ ಹೊಂದಿದ್ದಾರೆ ಎಂದು ಘೋಷಿಸುತ್ತೇನೆ’ ಎಂಬ ಸಾಲು ಅಲ್ಲಿತ್ತು. ಅದರ ಎದುರಿನ ಚೌಕದಲ್ಲಿ ಸರಿ ಗುರುತಿತ್ತು. ಕೆಳಗೆ ನನ್ನ ಮೊಬೈಲ್ ನಂಬರು, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ. ಬುತ್ತಿಯ ಹೊತ್ತು. ಕಳೆದ ವರ್ಷದ್ದು, ಅದರ ಹಿಂದಿನದ್ದು, ಎಲ್ಲದರಲ್ಲೂ ಹಾಗೆಯೇ.

ಮೊದಲ ವರ್ಷ ಆ ಗುರುತು ಹಾಕಿದವರು ಏಜೆಂಟ್ ಭಾವ. ಆಮೇಲೆ ಹಾಕಿದ್ದು ನಾನು. ಬೀದರಿನ ತಂದೆಗೆ ಓದಿ ತುಂಬಿಸಿ ಎಂದು ಬೈಯುವ ನಾನು.

ಹುಡುಗಿ ಒಳ್ಳೆಯವಳು. ಬಯ್ಯಿಸಿಕೊಂಡರೂ ನನ್ನ ಜೊತೆ ಕೂತು ಪಾಲಿಸಿಯನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದಳು. ಅದನ್ನು ಕೇಳಲು ನಾನು ಅಷ್ಟು ವರ್ಷ ತಡವಾಗಿ ಹೋಗಿದ್ದೆ ಅಷ್ಟೆ. ಒಂದು ಭಾಗ ಬೇರೆಯವರಿಗೆ: ನಮ್ಮ ಕಾರು ಯಾರಿಗಾದರೂ ಗುದ್ದಿದರೆ ಅವರಿಗೆ ಕೊಡುವುದು. ಕಾನೂನು ಕಡ್ಡಾಯ ಮಾಡಿದ್ದು ಇದನ್ನು. ತಮ್ಮ ಗುದ್ದಿದ್ದು ಮೋರಿಗೆ, ಕಾರು ಅವನ ಕೈಯಲ್ಲೇ ಇತ್ತು, ಹಾಗಾಗಿ ಅವನು ಬೇರೆಯವನಾಗುವುದಿಲ್ಲ. ಇನ್ನೊಂದು ಭಾಗ ನಮ್ಮ ಕಾರಿಗೆ. ಅದು ಬಂತು, ಬಂಪರ್ ಸಮೇತ. ಮೂರನೆಯದು ತಾನೇ ಓಡಿಸುವ ಮಾಲೀಕನಿಗೆ. ಅದು ನಮ್ಮ ಮನೆಯಲ್ಲಿ ಇಲ್ಲದ ಮನುಷ್ಯ.

“ಮತ್ತೆ ಇಲ್ಲಿ ಐವತ್ತು ರೂಪಾಯಿ ಕಟ್ಟಿದ್ದೀರಿ. ಸಂಬಳದ ಡ್ರೈವರಿಗೆ” ಎಂದಳು.

“ನಮಗೆ ಡ್ರೈವರ್ ಇಲ್ಲ.”

“ಇದ್ದಿದ್ರೆ ಅವರಿಗೆ ಪರಿಹಾರ ಸಿಗ್ತಿತ್ತು.”

ಅಂದರೆ ನನ್ನ ತಮ್ಮ ಸಂಬಳಕ್ಕೆ ಓಡಿಸಿದ್ದರೆ ಅವನ ಕಾಲಿಗೆ ಬೆಲೆ ಇತ್ತು. ಅಮ್ಮ ಹಸಿದು ಕೂತಿರುತ್ತಾರೆ ಎಂದು ಓಡಿಸಿದ್ದಕ್ಕೆ ಇಲ್ಲ. ಇಷ್ಟು ವರ್ಷ ನಾವು ಇಲ್ಲದ ಇಬ್ಬರಿಗೆ ವಿಮೆ ಕಟ್ಟಿ, ನಿಜವಾಗಿ ಸ್ಟಿಯರಿಂಗ್ ಹಿಡಿದು ಕೂತವನನ್ನು ಬಿಟ್ಟಿದ್ದೆವು. ಕಾರು ಅವನ ಹೆಸರಿನಲ್ಲೇ ಇದ್ದಿದ್ದರೆ ಎಂದು ಕೇಳಿದೆ. ಇದ್ದಿದ್ದರೆ ಏನೂ ಮಾತಿಲ್ಲದೆ ಅರ್ಧ ಸಿಗುತ್ತಿತ್ತು ಎಂದಳು. ಅಮ್ಮನ ಹೆಸರಿನಲ್ಲೇ ಇರಬೇಕು ಎನ್ನುವವರಿಗೂ ಒಂದು ದಾರಿ ಇತ್ತು: ಓಡಿಸುವವನ ಹೆಸರು ಬರೆದು ಅವನಿಗೂ ಒಂದು ಅಪಘಾತ ವಿಮೆ ಸೇರಿಸುವುದು. ಅದು ಹದಿನೈದು ಲಕ್ಷದಷ್ಟು ದೊಡ್ಡದಲ್ಲ, ಆದರೂ ಕೈ ಬರಿದಾಗಿ ಕಳಿಸುತ್ತಿರಲಿಲ್ಲ. ನಾನು ಬಂಪರ್ ಟು ಬಂಪರ್ ಆರಿಸಿದ ಪುಟದಲ್ಲೇ, ಅದರ ಕೆಳಗೆ, ಆ ಚೌಕವೂ ಇತ್ತು.

ಅಲ್ಲಿಂದ ನಾನು ಮನೆಗೆ ಹೋಗಲಿಲ್ಲ. ಬೆಳ್ತಂಗಡಿಯ ಬಸ್ಸು ಹತ್ತಿದೆ. ಏಜೆಂಟ್ ಭಾವನದ್ದು ಒಂದು ಜೆರಾಕ್ಸ್ ಅಂಗಡಿ, ಅದರ ಹಿಂದಿನ ಕೋಣೆಯೇ ವಿಮೆಯ ಆಫೀಸು. ನನ್ನನ್ನು ನೋಡಿ ಎದ್ದು ನಿಂತರು, ಕುಡಿಯಲು ಬೊಂಡ ತರಿಸಲು ಹೊರಟರು. ಬೊಂಡ ಬೇಡ, ಅಮ್ಮನಿಗೆ ಲೈಸನ್ಸ್ ಉಂಟು ಎಂದು ನಿಮಗೆ ಯಾರು ಹೇಳಿದ್ದು ಎಂದು ಕೇಳಿದೆ.

“ಯಾರು ಹೇಳುವುದು ಮಾರಾಯ್ರೇ, ಆ ಟಿಕ್ ಹಾಕದಿದ್ರೆ ಮುಂದಿನ ಪುಟ ಬರುವುದಿಲ್ಲ. ಎಲ್ಲರದ್ದೂ ಹಾಗೇ ಮಾಡುವುದು. ನಮ್ಮಲ್ಲಿ ಅರ್ಧ ಕಾರು ಅಮ್ಮಂದಿರ ಹೆಸರಲ್ಲೇ ಅಲ್ವಾ?”

“ಅವರಿಗೆಲ್ಲ ಇದು ಹೇಳಿದ್ದೀರಾ?”

“ಕೇಳಿದವರಿಗೆ ಹೇಳ್ತೇನೆ.”

“ಯಾರಾದ್ರೂ ಕೇಳಿದ್ದಾರಾ?”

ಭಾವ ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿಯನ್ನು ಸರಿಸಿದರು. ಅವರ ಕೆಟ್ಟತನ ಎಂದು ಹೇಳಿ ಮುಗಿಸುವ ಹಾಗಿದ್ದರೆ ನನಗೆ ಸುಲಭವಿತ್ತು. ಅವರು ಕೆಟ್ಟವರಲ್ಲ. ಆಸ್ಪತ್ರೆಗೆ ಎರಡು ಸಲ ಬಂದಿದ್ದರು, ತಮ್ಮನಿಗೆ ರಕ್ತ ಕೊಡುವವರನ್ನು ಜೀಪಿನಲ್ಲಿ ಕರೆದುಕೊಂಡು ಬಂದಿದ್ದರು. ಮದುವೆಯಲ್ಲಿ ಸಿಕ್ಕಿದರೆ ಕೈ ಹಿಡಿದು ಮಾತಾಡಿಸುವವರು. ನಮ್ಮವರೇ ಅಲ್ಲವಾ ಎಂದು ನಾವು ಕೇಳುವುದಿಲ್ಲ, ನಮ್ಮವರೇ ಅಲ್ಲವಾ ಎಂದು ಅವರು ಹೇಳುವುದಿಲ್ಲ. ಅಪರಿಚಿತನೊಬ್ಬ ಬಂದು ವಿಮೆ ಮಾರಿದ್ದರೆ ನಾನು ಅವನನ್ನು ಕೂರಿಸಿಕೊಂಡು ನೂರು ಪ್ರಶ್ನೆ ಕೇಳುತ್ತಿದ್ದೆ. ಭಾವನ ಎದುರು ಪ್ರಶ್ನೆ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಹೊರಡುವಾಗ ಭಾವ ಅಂಗಡಿಯ ಮೆಟ್ಟಿಲಿನವರೆಗೆ ಬಂದರು. ದನಿ ತಗ್ಗಿಸಿ, ಒಂದು ದಾರಿ ಉಂಟು ಎಂದರು. ಸಂಬಳದ ಡ್ರೈವರ್ ಎಂಬ ಐವತ್ತು ರೂಪಾಯಿಯ ಸಾಲು ಉಂಟಲ್ಲ, ತಮ್ಮನೇ ಆ ಡ್ರೈವರ್ ಎಂದು ಅಮ್ಮ ಬರೆದುಕೊಟ್ಟರೆ ಸಾಕು, ಬಂಟ್ವಾಳದಲ್ಲಿ ಒಬ್ಬರು ವಕೀಲರು ಇಂಥದ್ದನ್ನು ಮಾಡಿಸಿಕೊಡುತ್ತಾರೆ.

ಸುಳ್ಳು ಎಂದು ನನಗೆ ಗೊತ್ತಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಕೂತು ನಾನು ಆ ಸುಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಲೈಸನ್ಸ್ ಇಲ್ಲದವರಿಗೆ ಲೈಸನ್ಸ್ ಉಂಟು ಎಂದು ವರ್ಷ ವರ್ಷ ಬರೆದದ್ದೂ ಸುಳ್ಳೇ ತಾನೆ. ಆ ಸುಳ್ಳಿಗೆ ಅವರು ಹಣ ತೆಗೆದುಕೊಂಡರು, ಈ ಸುಳ್ಳಿಗೆ ಹಣ ಕೊಡಲಿ. ಹೀಗೆ ನನ್ನನ್ನು ನಾನೇ ಒಪ್ಪಿಸಿಕೊಂಡೆ, ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಆ ಹೊತ್ತಿಗೆ ಯಾರಾದರೂ ಬಂದು ನನ್ನ ಸಹಿ ಕೇಳಿದ್ದರೆ ಹತ್ತು ಕಡೆ ಹಾಕಿ ಕೊಡುತ್ತಿದ್ದೆ.

ಮನೆಯಲ್ಲಿ ವಿಷಯ ಹೇಳಿದೆ. ಅಮ್ಮ ಮೊದಲು ಕೇಳಿದ್ದು ಸುಳ್ಳಿನ ಬಗ್ಗೆ ಅಲ್ಲ.

“ಕಾರು ಅವನ ಹೆಸರಲ್ಲಿ ಇದ್ದಿದ್ರೆ ಸಿಗ್ತಿತ್ತಾ?” ಎಂದರು.

ಹೌದು ಎಂದೆ. ಹೇಳಬಾರದಿತ್ತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. “ನನ್ನ ಹೆಸರು ಅವನ ಕಾಲು ತಿಂದಿತು” ಎಂದು ಒಳಗೆ ಅವರಷ್ಟಕ್ಕೆ ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ತಮ್ಮ ನನ್ನ ಕಡೆ ನೋಡಿದ ನೋಟ ಇನ್ನೂ ಚುಚ್ಚುತ್ತದೆ. ಅಪಘಾತದ ದಿನ ಕೂಡ ಅವನು ನನ್ನನ್ನು ಹಾಗೆ ನೋಡಿರಲಿಲ್ಲ.

ವಕೀಲರ ಕೋಣೆಗೆ ಮೂವರೂ ಹೋದೆವು, ಪರಿಚಯದವರ ರಿಕ್ಷಾದಲ್ಲಿ. ಅಮ್ಮ ಬಸದಿಗೆ ಹೋಗುವಾಗ ಉಡುವ ಸೀರೆ ಉಟ್ಟಿದ್ದರು. ತಮ್ಮನನ್ನು ಮೆಟ್ಟಿಲು ಹತ್ತಿಸಲು ನಾನೂ ರಿಕ್ಷಾದವರೂ ಎರಡೂ ಕಡೆ ಹಿಡಿದೆವು. ವಕೀಲರು ಕಾಗದ ಸಿದ್ಧಪಡಿಸಿ ಇಟ್ಟಿದ್ದರು, ಗಟ್ಟಿಯಾಗಿ ಓದಿದರು. ಸದರಿ ವಾಹನದ ಮಾಲಕಿಯಾದ ನಾನು ಸದರಿ ವ್ಯಕ್ತಿಯನ್ನು ಮಾಸಿಕ ಸಂಬಳದ ಮೇಲೆ ಚಾಲಕನನ್ನಾಗಿ ನೇಮಿಸಿಕೊಂಡಿದ್ದು, ಸದರಿ ದಿನ ನನ್ನ ಅಪ್ಪಣೆಯಂತೆ ವಾಹನ ಚಲಾಯಿಸುತ್ತಿರುವಾಗ. ಹೀಗೆ ಒಂದೂವರೆ ಪುಟ.

“ಇದರಲ್ಲಿ ಮಗ ಅಂತ ಎಲ್ಲಿ ಬರ್ದಿದೆ?” ಎಂದು ಅಮ್ಮ ಕೇಳಿದರು.

“ಅದು ಬರೆಯುವುದು ಬೇಡ ಅಮ್ಮ. ಕಂಪನಿಯವರು ಕೇಳಿದಾಗ ಹೇಳುವ” ಎಂದರು ವಕೀಲರು.

ಅಮ್ಮ ತಲೆಯಾಡಿಸಿ ಪೆನ್ನು ತೆಗೆದುಕೊಂಡರು. ಹೊತ್ತು ಮುಳುಗಿದ ಮೇಲೆ ಒಂದು ತುತ್ತು ತಿನ್ನದವರು, ನೀರು ಸೋಸದೆ ಕುಡಿಯದವರು, ತರಕಾರಿ ಅಂಗಡಿಯವನು ಹೆಚ್ಚು ಚಿಲ್ಲರೆ ಕೊಟ್ಟರೆ ಬಿಸಿಲಿನಲ್ಲಿ ವಾಪಸ್ ನಡೆದು ಕೊಟ್ಟು ಬರುವವರು. ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದರು, ವಕೀಲರು ಬೆರಳು ತೋರಿಸಿದರು.

“ಅಮ್ಮ, ಪೆನ್ನು ಇಡಿ” ಎಂದ ತಮ್ಮ.

“ನೀನು ಸುಮ್ಮನಿರು.”

“ನಿಮ್ಮನ್ನು ಕೋರ್ಟಿನಲ್ಲಿ ನಿಲ್ಲಿಸಿ ಕೇಳ್ತಾರೆ, ಮಗನಿಗೆ ತಿಂಗಳಿಗೆ ಎಷ್ಟು ಕೊಡ್ತಿದ್ರಿ ಅಂತ. ದೇವರ ಮೇಲೆ ಆಣೆ ಮಾಡಿಸಿ ಕೇಳ್ತಾರೆ. ನೀವು ಹೇಳ್ತೀರಿ, ನನಗೆ ಗೊತ್ತುಂಟು. ಮತ್ತೆ ಮನೆಗೆ ಬಂದು ಊಟ ಬಿಟ್ಟು ಕೂರ್ತೀರಿ.”

“ನಾನು ಊಟ ಬಿಟ್ರೆ ನಿನಗೇನು? ನಿನಗೆ ಕಾಲು ಬರ್ತದಲ್ಲ.”

ತಮ್ಮ ಊರುಗೋಲು ಊರಿ ಎದ್ದ. ಕಾಗದವನ್ನು ಅಮ್ಮನ ಕೈ ಕೆಳಗಿನಿಂದ ಎಳೆದು, ಮಡಚಿ, ಹರಿದ. ಜೋರು ಮಾತೇನೂ ಆಡಲಿಲ್ಲ. ವಕೀಲರ ಕಡೆ ತಿರುಗಿ, ನಿಮ್ಮ ಫೀಸು ಹೇಳಿ ಸರ್ ಎಂದ. ಅವರು ಏನೂ ಬೇಡ ಎಂದು ಫ್ಯಾನಿನ ಕಡೆ ನೋಡಿದರು.

ರಿಕ್ಷಾದಲ್ಲಿ ನಾನು ಬಾಯಿ ಮುಚ್ಚಿ ಕೂತೆ. ಮನೆಯ ಅಂಗಳದಲ್ಲಿ ಇಳಿದ ಮೇಲೆ ಆಗಲಿಲ್ಲ. ಆ ಹೊಳೆಯುವ ಕಾರಿನ ಪಕ್ಕದಲ್ಲಿ ನಿಂತು, ಊರಿಗೆಲ್ಲ ಕೇಳಿಸಿದರೆ ಕೇಳಿಸಲಿ ಎಂದು ಅವನನ್ನು ಬೈದೆ.

“ನಿನ್ನ ಸತ್ಯ ಕಟ್ಟಿಕೊಂಡು ಬಾವಿಗೆ ಇಳಿಲಿಕ್ಕೆ ಆಗ್ತದಾ?”

“ಇಲ್ಲ” ಎಂದ.

ಅಷ್ಟೇ ಹೇಳಿದ. ಅವನು ಮಾಡಿದ್ದು ಸರಿ ಎಂದು ಆಮೇಲೆ ಹಲವರು ಹೇಳಿದರು. ನಾನು ಹಾಗೆ ಹೇಳುವವಳಲ್ಲ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಇದನ್ನು ಓದಿದ ಮೇಲೆ ಅವನು ಬೇಸರಪಟ್ಟರೆ ಪಡಲಿ. ಅಮ್ಮನನ್ನು ಉಳಿಸಲು ಅವನು ಕಾಲು ಬಿಟ್ಟ. ಅಮ್ಮನನ್ನು ಆ ಸುಳ್ಳಿನ ಎದುರು ತಂದು ನಿಲ್ಲಿಸಿದ್ದು ಅಮ್ಮನಲ್ಲ, ಅವನಲ್ಲ. ಅದು ನನ್ನ ಬುತ್ತಿಯ ಹೊತ್ತಿನ ಐದು ನಿಮಿಷ.

ಅವನು ಈಗ ಶಿಬಿರದ ಕಾಲು ಹಾಕಿಕೊಂಡು ಅಂಗಡಿಯಲ್ಲಿ ಕೂರುತ್ತಾನೆ. ಕೆಟ್ಟ ಮೋಟಾರನ್ನು ಬೇರೆಯವರು ಬಾವಿಯಿಂದ ಎತ್ತಿ ತಂದು ಕೊಟ್ಟರೆ ಬಿಚ್ಚಿ ಸರಿಮಾಡುತ್ತಾನೆ. ಎತ್ತಿ ತರುವವರು ಇಲ್ಲದ ಮನೆಗಳವರು ಬೇರೆ ರಿಪೇರಿಯವರನ್ನು ಹುಡುಕಿಕೊಂಡಿದ್ದಾರೆ. ಅವರನ್ನು ದೂರುವ ಹಾಗಿಲ್ಲ, ಅವರ ಗಿಡಗಳಿಗೆ ನೀರು ಬೇಕು. ನಾನು ಎಂದೋ ಮಾಡಿಸಿಟ್ಟಿದ್ದ ನನ್ನ ಲೈಸನ್ಸನ್ನು ಹುಡುಕಿ ತೆಗೆದು, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಅಭ್ಯಾಸ ಮಾಡಿ, ಭಾನುವಾರಗಳಲ್ಲಿ ಕಾರು ಓಡಿಸುತ್ತೇನೆ. ದೂರದ ಒಂದೆರಡು ಕಡೆಗೆ ಅವನನ್ನು ಕರೆದುಕೊಂಡು ಹೋಗುತ್ತೇನೆ. ಅವನು ಬಾವಿಕಟ್ಟೆಯ ಮೇಲೆ ಕೂತು, ಕೆಳಗೆ ಇಳಿದವರಿಗೆ ಹೀಗೆ ಹಿಡಿ, ಹಾಗೆ ಕಟ್ಟು ಎನ್ನುತ್ತಾನೆ. ಕಟ್ಟೆಯ ಅಂಚಿಗೆ ಬಗ್ಗಿ ನೋಡುವಾಗ ಅವನ ಅಂಗಿಯ ಹಿಂಬದಿಯನ್ನು ನಾನು ಹಿಡಿದುಕೊಂಡಿರುತ್ತೇನೆ. ಅವನಿಗೆ ಅದು ಇಷ್ಟವಿಲ್ಲ.

ಕಳೆದ ತಿಂಗಳು ನಾನು ಕಾಲೇಜಿನ ಆಫೀಸಿನಲ್ಲಿದ್ದಾಗ ವಿಮೆಯ ನವೀಕರಣದ ಕರೆ ಬಂತು. ಸಿಹಿಯಾದ ದನಿ. ಹಳೆಯ ವಿವರಗಳೇ ಇರಲಾ ಮೇಡಂ ಎಂದು ಕೇಳಿತು. ಬೇಡ, ಕಾಗದದ ಅರ್ಜಿಯೇ ಬೇಕು ಎಂದೆ. ಈಗ ಎಲ್ಲ ಮೊಬೈಲಿನಲ್ಲೇ ಮೇಡಂ, ಐದೇ ನಿಮಿ... ಎನ್ನುವಷ್ಟರಲ್ಲಿ ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ, ಪಕ್ಕದ ಮೇಜಿನವಳು ಎದ್ದು ಬಂದು ನನಗೆ ನೀರು ಕೊಟ್ಟಳು. ಬಿ.ಸಿ.ರೋಡಿನ ಹುಡುಗಿಯ ಹತ್ತಿರ ಹೋಗಿ ಅರ್ಜಿ ತಂದೆ.

ಅಮ್ಮ ತನ್ನ ಹೆಸರು ತೆಗೆಸಿ ಕಾರನ್ನು ತಮ್ಮನ ಹೆಸರಿಗೆ ಮಾಡಿ ಎಂದು ಹಟ ಹಿಡಿದರು. ಅದರಿಂದ ಈಗ ಉಪಯೋಗವಿಲ್ಲ, ಅವನ ಲೈಸನ್ಸ್ ಎರಡೂ ಕಾಲಿದ್ದಾಗಿನದ್ದು, ಹೊಸದಾಗಿ ಆಗುವವರೆಗೆ ಅವನು ಓಡಿಸುವ ಮಾಲೀಕನಾಗುವುದಿಲ್ಲ ಎಂದು ಹುಡುಗಿ ಹೇಳಿದ್ದಳು. ತಮ್ಮನೂ, ಕಾರು ಅಮ್ಮನದ್ದೇ ಇರಲಿ ಎಂದ. ಹಾಗಾಗಿ ಅರ್ಜಿಯಲ್ಲಿ ಒಂದೊಂದೇ ಸಾಲು ಓದಿ ಬರೆದೆ. ಮಾಲಕಿಗೆ ಲೈಸನ್ಸ್ ಇದೆಯೇ: ಇಲ್ಲ. ಸಂಬಳದ ಚಾಲಕ: ಇಲ್ಲ. ಬಂಪರ್ ಟು ಬಂಪರ್: ಬೇಡ ಎಂದು ಹೊಡೆದು ಹಾಕಿದೆ. ಒಡೆದರೆ ಒಡೆಯಲಿ. ಅಪಘಾತ ವಿಮೆಗೆ ಹೆಸರಿಸಬೇಕಾದವರು ಎಂಬಲ್ಲಿ ಓಡಿಸುವ ನನ್ನ ಹೆಸರು ಬರೆದೆ, ಅದರ ಮೇಲಿನ ಸಾಲಿನಲ್ಲಿ ಪಕ್ಕದಲ್ಲಿ ಕೂರುವ ತಮ್ಮನ ಹೆಸರು. ಆ ಕಾರಿನ ವಿಮೆಯ ಅರ್ಜಿಯಲ್ಲಿ ಅವನ ಹೆಸರು ಬಂದದ್ದು ಅದೇ ಮೊದಲು.

ಹೆಸರಿನ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು. ಮೇಲೆ ಹೆಸರಿಸಿದವರಿಗೆ ಯಾವುದಾದರೂ ಅಂಗವೈಕಲ್ಯ ಇದೆಯೇ? ಇದ್ದಲ್ಲಿ ವಿವರ, ಯಾವಾಗ ಮತ್ತು ಹೇಗೆ ಉಂಟಾಯಿತು ತಿಳಿಸುವುದು.

ತಮ್ಮ ಎದುರಿನ ಕುರ್ಚಿಯಲ್ಲಿ ಕೂತಿದ್ದ, ನಾನು ಪೆನ್ನು ಎತ್ತಿದ್ದನ್ನು ನೋಡಿ, ಏನಂತೆ ಎಂದು ಕೇಳಿದ. ನಾನು ಇದೆ ಎಂದು ಬರೆದೆ. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ ಎಂದು ಬರೆದೆ. ಆಮೇಲೆ ಬಿಟ್ಟ ಜಾಗ ಸಾಲದೆ ಅಂಚಿಗೆ ಹೋಗಿ ಬರೆದೆ: ಇದೇ ಕಾರಿನಲ್ಲಿ, ನಿಮ್ಮದೇ ವಿಮೆ ಚಾಲ್ತಿಯಲ್ಲಿದ್ದಾಗ.